ತಡೆಪಟ್ಟಿ ಇಟ್ಟುಕೊಂಡ ಬ್ರೌಸರ್

ಸುದ್ದಿತಾಣದ ಒಂದು ಪುಟ ತೆರೆದರೆ ಬ್ರೌಸರ್ ಆ ತಾಣದ ಸರ್ವರ್ ಒಂದಕ್ಕೇ ರಿಕ್ವೆಸ್ಟ್ ಕಳಿಸಿ ಸುಮ್ಮನಾಗುವುದಿಲ್ಲ. ಜಾಹೀರಾತು ಜಾಲಗಳಿಗೆ, ಓದುಗರ ಜಾಡು ಹಿಡಿಯುವ ಕಂಪನಿಗಳಿಗೆ ಕೂಡ ಕಳಿಸುತ್ತದೆ. ಆ್ಯಡ್ ಬ್ಲಾಕರ್ ಪ್ರತಿ ವಿಳಾಸವನ್ನೂ ಒಂದು ಪಟ್ಟಿಯ ಜೊತೆ ತಾಳೆ ನೋಡಿ, ಅದರಲ್ಲಿದ್ದರೆ ರಿಕ್ವೆಸ್ಟ್ ಹೊರಡುವ ಮುಂಚೆಯೇ ತಡೆಯುತ್ತದೆ. ಇಂಥ ಪಟ್ಟಿಗಳಲ್ಲಿ ಹೆಸರಾದದ್ದು ಸ್ವಯಂಸೇವಕರು ತಿದ್ದುತ್ತ ಬಂದಿರುವ ಈಜಿಲಿಸ್ಟ್. ಅದರ ಸಾಲುಗಳಲ್ಲಿ ಬಹಳಷ್ಟು ಹೀಗಿವೆ: ಎರಡು ನೆಟ್ಟನೆಯ ಗೆರೆ, ಪಕ್ಕದಲ್ಲಿ ಒಂದು ಡೊಮೇನ್ ಹೆಸರು. ಎರಡು ಹ್ಯಾಷ್ ಗುರುತಿನ ಸಾಲುಗಳ ಕೆಲಸ ಬೇರೆ. ಜಾಹೀರಾತು ಬಾರದೆ ಉಳಿದ ಖಾಲಿ ಚೌಕವನ್ನು ಅವು ಮರೆಮಾಡುತ್ತವೆ.

ಬಹುಕಾಲ ಈ ಕೆಲಸ ಬ್ರೌಸರಿಗೆ ಹೊರಗಿನಿಂದ ಸೇರಿಸುವ ಎಕ್ಸ್‌ಟೆನ್ಷನ್‌ಗಳದಾಗಿತ್ತು. ಎಕ್ಸ್‌ಟೆನ್ಷನ್ ಎಂದರೆ ಬಾಡಿಗೆದಾರ. ಮನೆಯೊಡೆಯ ಕರಾರು ಬದಲಿಸಿದರೆ ಒಪ್ಪಲೇಬೇಕು. ಕ್ರೋಮ್‌ನಲ್ಲಿ ಮ್ಯಾನಿಫೆಸ್ಟ್ ವಿ3 ಎಂಬ ಹೊಸ ಕರಾರು ಬಂದ ಮೇಲೆ ಆದದ್ದು ಅದೇ. ರಿಕ್ವೆಸ್ಟನ್ನು ತಾನೇ ನೋಡಿ ತಡೆಯುವ ಅಧಿಕಾರ ಎಕ್ಸ್‌ಟೆನ್ಷನ್ ಕೈತಪ್ಪಿತು. ನಿಯಮಗಳನ್ನು ಬ್ರೌಸರಿಗೆ ಮೊದಲೇ ಒಪ್ಪಿಸಬೇಕು, ಅದೂ ಮಿತಿಯೊಳಗೆ. ರೇಮಂಡ್ ಹಿಲ್ ಅವರ ಯುಬ್ಲಾಕ್ ಒರಿಜಿನ್ ಎಂಬ ಬ್ಲಾಕರ್‌ಗೆ ಅಲ್ಲಿ ಜಾಗವಿಲ್ಲದಾಗಿ, ಕೈಕಾಲು ಕಟ್ಟಿದಂಥ 'ಲೈಟ್' ರೂಪ ಉಳಿಯಿತು. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಂತೂ ಎಕ್ಸ್‌ಟೆನ್ಷನ್ ಹಾಕುವ ದಾರಿಯೇ ಇಲ್ಲ.

ತಡೆಯನ್ನು ಬ್ರೌಸರಿನೊಳಗೇ ಕಟ್ಟಿಕೊಂಡರೆ ಈ ತೊಡಕಿಲ್ಲ. ಒಪೆರಾ ಅದನ್ನು 2016ರಲ್ಲಿ ಸೇರಿಸಿಕೊಂಡಿತು, ವಿವಾಲ್ಡಿ 2020ರಲ್ಲಿ. ಬ್ರೇವ್ ಹುಟ್ಟಿದ್ದೇ ಅದಕ್ಕಾಗಿ. ಅದನ್ನು ಬ್ರಯಾನ್ ಬಾಂಡಿ ಅವರೊಡನೆ ಕಟ್ಟಿದ ಬ್ರೆಂಡನ್ ಐಕ್ 1995ರಲ್ಲಿ ಜಾವಾಸ್ಕ್ರಿಪ್ಟ್ ರೂಪಿಸಿದವರು. ಜಾಡು ಹಿಡಿಯುವ ಸ್ಕ್ರಿಪ್ಟ್‌ಗಳು ಓಡುವುದೂ ಅದೇ ಭಾಷೆಯಲ್ಲಿ. ಮಗ್ಗ ಮಾಡಿಕೊಟ್ಟವರೇ ಬಲೆ ಹರಿಯಲು ಹೊರಟಂತಿದೆ. ಮೂರೂ ಬ್ರೌಸರ್‌ಗಳ ತಳಹದಿ ಗೂಗಲ್ ಮುನ್ನಡೆಸುವ ಕ್ರೋಮಿಯಂ. ಹಾಗಾಗಿ ಕ್ರೋಮ್‌ನಲ್ಲಿ ತೆರೆಯುವ ತಾಣಗಳು ಇಲ್ಲಿಯೂ ಸಾಮಾನ್ಯವಾಗಿ ತೆರೆಯುತ್ತವೆ.

ಆಯ್ಕೆಗೆ ಮುನ್ನ ನೋಡಬೇಕಾದದ್ದು ತಯಾರಕರ ಆದಾಯದ ದಾರಿ. ಜಾಹೀರಾತು ತಡೆಯುವ ಬ್ರೇವ್, ಒಪ್ಪಿದವರಿಗೆ ತನ್ನದೇ ಜಾಹೀರಾತು ತೋರಿಸಿ ಬ್ಯಾಟ್ ಎಂಬ ಟೋಕನ್ ಕೊಡುತ್ತದೆ. 2020ರಲ್ಲಿ ಒಂದು ಕ್ರಿಪ್ಟೊ ವಿನಿಮಯ ತಾಣದ ವಿಳಾಸ ಟೈಪ್ ಮಾಡಿದರೆ ಅದರ ಬಾಲಕ್ಕೆ ಬ್ರೇವ್ ಕಮಿಷನ್ ತರುವ ತನ್ನ ರೆಫರಲ್ ಕೋಡ್ ಅಂಟಿಸುತ್ತಿದ್ದುದು ಬಯಲಾಯಿತು. ಐಕ್ ತಪ್ಪೊಪ್ಪಿಕೊಂಡು ಸರಿಪಡಿಸಿದರು. ಮೊತ್ತ ಸಣ್ಣದೇ ಇರಬಹುದು, ಆದರೆ ಅಡ್ರೆಸ್ ಬಾರ್‌ಗೆ ಕೈಹಾಕಿದ್ದು ಸಣ್ಣ ಮಾತಲ್ಲ.

ಎಷ್ಟೇ ಒಳ್ಳೆಯ ತಡೆಪಟ್ಟಿಯೂ ಎಡವುತ್ತದೆ. ಯುಟ್ಯೂಬ್ ಜಾಹೀರಾತು ವಿಡಿಯೊ ಬರುವ ಜಾಗದಿಂದಲೇ ಬರುವುದರಿಂದ ಡೊಮೇನ್ ತಡೆದರೆ ವಿಡಿಯೊ ಕೂಡ ನಿಲ್ಲುತ್ತದೆ. ಅದಕ್ಕೆ ಬೇರೆಯೇ ಸ್ಕ್ರಿಪ್ಟ್ ಬೇಕು, ಅದನ್ನು ಆಗಾಗ ತಿದ್ದುತ್ತಿರಬೇಕು. ಹಣ ಪಾವತಿಯ ಪುಟ ಅರ್ಧಕ್ಕೆ ನಿಂತರೆ, ಬ್ರೇವ್‌ನಲ್ಲಿ ಅಡ್ರೆಸ್ ಬಾರ್ ಪಕ್ಕದ ಸಿಂಹದ ಗುರುತು ಒತ್ತಿ ಆ ತಾಣಕ್ಕಷ್ಟೇ ತಡೆ ತೆಗೆಯಬಹುದು.