ತೊಳೆದರೆ ಹೋಗದ ಕೊಳೆ

ಬೆಂಗಳೂರಿನ ದಕ್ಷಿಣದಂಚಿನ ಅಂಜನಾಪುರದಲ್ಲಿ ತಳ್ಳುಗಾಡಿಯ ಕೊತ್ತಂಬರಿಗೆ ಬೆಲೆ ಕೇಳಿದರೆ ಉತ್ತರ ದೊರೆಯುತ್ತದೆ. ಅದು ಯಾವ ನೀರು ಕುಡಿದು ಬೆಳೆಯಿತೆಂದು ಕೇಳಿದರೆ ಮಾರುವವನಿಗೂ ತಿಳಿಯದು. "ಚೆನ್ನಾಗಿ ತೊಳೆದು ತಿನ್ನಿ" ಎಂಬ ಉಪದೇಶವಷ್ಟೇ ಕೊಳ್ಳುವವರ ಪಾಲು.

ಆದರೆ ಕೇಳಲೇಬೇಕಾದ ಪ್ರಶ್ನೆಯಿದು. ಮಹಾನಗರದ ಕೊಳಚೆ ಹೊತ್ತ ವೃಷಭಾವತಿ ಬಿಡದಿ ಸಮೀಪದ ಬೈರಮಂಗಲದತ್ತ ಹರಿಯುತ್ತದೆ. ಬೇರೆ ನೀರಿಲ್ಲದ ಅಲ್ಲಿನ ರೈತರು ದಶಕಗಳ ಕಾಲ ಅದನ್ನೇ ಹೊಲಕ್ಕೆ ಹಾಯಿಸಿದ್ದಾರೆ. ಮನೆ, ಆಸ್ಪತ್ರೆಗಳ ಕೊಳಚೆಯಲ್ಲಿ ಆಂಟಿಬಯಾಟಿಕ್‌ಗೆ ಜಗ್ಗದ ಬ್ಯಾಕ್ಟೀರಿಯಾಗಳಿರುತ್ತವೆ. ಆ ನಿರೋಧಕ ಗುಣವನ್ನು ಅವು ಬೇರೆ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು. ಹಸಿಯಾಗಿ ತಿನ್ನುವ ಸೊಪ್ಪು, ಸೌತೆಗಳು ಅವು ಮನುಷ್ಯನ ಹೊಟ್ಟೆ ಸೇರುವ ನೇರ ದಾರಿ. ತೊಳೆದರೆ ಸಂಖ್ಯೆ ತಗ್ಗುತ್ತದೆ, ಬೇಯಿಸಿದರೆ ಸಾಯುತ್ತವೆ. ಮೂಲ ಮಾತ್ರ ಬತ್ತುವುದಿಲ್ಲ.

ನಗರವನ್ನು ದೂರಿ ಮಲೆನಾಡು ಕೈತೊಳೆದುಕೊಳ್ಳುವಂತಿಲ್ಲ. ಔಷಧಿ ತಿನ್ನಿಸಿ ಸಾಕಿದ ಕೋಳಿಗಳ ಗೊಬ್ಬರ ಹಸಿಯಾಗಿಯೇ ಹೊಲ ಸೇರಿದರೆ ಫಲ ಬೇರೆಯಲ್ಲ. ಬೆಳೆಗೆ ಸಿಂಪಡಿಸುವ ಸ್ಟ್ರೆಪ್ಟೋಸೈಕ್ಲಿನ್‌ನಲ್ಲಿರುವ ಸ್ಟ್ರೆಪ್ಟೋಮೈಸಿನ್ ಕ್ಷಯರೋಗಿಯ ಪ್ರಾಣ ಉಳಿಸಿದ ಮದ್ದು. ಕೇಂದ್ರ ಸರ್ಕಾರ 2019ರಲ್ಲಿ ಕೋಳಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. 2024ರ ಜನವರಿಯಿಂದ ಈ ಸಿಂಪಡಣೆಯನ್ನೂ ನಿಲ್ಲಿಸಬೇಕೆಂಬ ಕರಡು ಆದೇಶವನ್ನು 2021ರ ಡಿಸೆಂಬರಿನಲ್ಲಿ ಹೊರಡಿಸಿತು. ಅಪಾಯ ಗೊತ್ತಿಲ್ಲವೆಂದು ಇನ್ನು ಯಾರೂ ಹೇಳುವಂತಿಲ್ಲ.

ಗೃಹಿಣಿಗೆ ಬುದ್ಧಿ ಹೇಳುವ ಮೊದಲು ನಗರಾಡಳಿತ ತನ್ನ ಕೊಳಚೆಯನ್ನು ಶುದ್ಧೀಕರಿಸಲಿ. ಬೆಳೆಗಾರ ಗೊಬ್ಬರವನ್ನು ಚೆನ್ನಾಗಿ ಕಳಿಯಿಸಿ ಹಾಕಲಿ. ರೋಗವಿಲ್ಲದ ಬೀಜ ಆರಿಸಲಿ. ಇಲ್ಲವಾದರೆ ಹಳ್ಳಿಯ ಆಸ್ಪತ್ರೆಯಲ್ಲಿ ಮಗುವಿಗೆ ಕೊಟ್ಟ ಮದ್ದು ನಾಟದ ದಿನ ದೂರುವುದಾದರೂ ಯಾರನ್ನು?