ಲಯ ಮರಳದಿದ್ದರೂ ಉಳಿಯುವ ದಾರಿಗಳು

ಜತ್ತ ತಾಲೂಕಿನ ಉಮದಿ, ಸಂಖ ಭಾಗದ ಕನ್ನಡ ಹಳ್ಳಿಗಳಿಂದ ಹೃದ್ರೋಗದ ಚಿಕಿತ್ಸೆಗೆ ಹೊರಡುವ ಕುಟುಂಬದ ಮುಂದೆ ಎರಡು ದಾರಿಗಳಿವೆ. ಒಂದು ಪಶ್ಚಿಮಕ್ಕೆ, ಮಿರಜ-ಸಾಂಗಲಿಯತ್ತ; ಇನ್ನೊಂದು ಪೂರ್ವಕ್ಕೆ, ವಿಜಯಪುರದತ್ತ. ಡಾ. ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಮಿರಜದಲ್ಲಿ ಮಿಷನ್ ಆಸ್ಪತ್ರೆಯನ್ನು ತೆರೆದಂದಿನಿಂದ ಮೊದಲನೆಯ ದಾರಿ ಈ ಭಾಗದ ಹಿರಿಯರಿಗೆ ಚಿರಪರಿಚಿತ. ಈ ದಾರಿಗಳನ್ನು ಹಲವು ಸಲ ತುಳಿದು, ವರ್ಷಗಟ್ಟಲೆ ಗುಳಿಗೆ ನುಂಗಿ, ಕೊನೆಗೆ ಸಾಲ ಮಾಡಿ ಅಬ್ಲೇಶನ್ ಎಂಬ ಚಿಕಿತ್ಸೆಯನ್ನೂ ಮಾಡಿಸಿಕೊಂಡ ಮೇಲೆ ಇ.ಸಿ.ಜಿ. ಕಾಗದದಲ್ಲಿ ಮತ್ತೆ ಅದೇ ಅಡ್ಡಾದಿಡ್ಡಿ ಗೆರೆ ಕಾಣಿಸಿದರೆ, ‘ಇನ್ನೇನೂ ಉಳಿಯಲಿಲ್ಲ’ ಎಂದು ಮನೆಯವರು ಕೈಚೆಲ್ಲುವುದುಂಟು. ಕೆಲವರು ಅದೇ ನಿರಾಶೆಯಲ್ಲಿ ಎಲ್ಲ ಗುಳಿಗೆಗಳನ್ನೂ ನಿಲ್ಲಿಸಿಬಿಡುತ್ತಾರೆ. ಈ ಕಾಯಿಲೆಯಲ್ಲಿ ಅತ್ಯಂತ ಅಪಾಯಕಾರಿಯಾದ ಹೆಜ್ಜೆ ಅದೇ.

ಏಟ್ರಿಯಲ್ ಫಿಬ್ರಿಲೇಶನ್ ಎಂದರೆ ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ತಾಳಬದ್ಧವಾಗಿ ಸಂಕುಚಿಸದೆ ನಡುಗುತ್ತಿರುವ ಸ್ಥಿತಿ. ಅದರಿಂದ ಆಗುವ ತೊಂದರೆಗಳು ಎರಡು, ಮತ್ತು ಅವುಗಳನ್ನು ಬೇರೆ ಬೇರೆಯಾಗಿಯೇ ತಿಳಿಯಬೇಕು. ನಾಡಿ ವೇಗವಾಗಿ, ಅನಿಯಮಿತವಾಗಿ ಓಡಿ ದಣಿವು, ಉಬ್ಬಸ, ಎದೆಬಡಿತ ಉಂಟಾಗುವುದು ಮೊದಲನೆಯದು. ನಡುಗುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹರಿದು ಲಕ್ವ ಹೊಡೆಯುವುದು ಎರಡನೆಯದು. ಈ ಕಾಯಿಲೆ ಇದ್ದವರಿಗೆ ಲಕ್ವದ ಸಂಭವ ಸುಮಾರು ಐದು ಪಟ್ಟು ಹೆಚ್ಚು. ಮೊದಲನೆಯ ತೊಂದರೆ ರೋಗಿಗೆ ಗೊತ್ತಾಗುತ್ತದೆ. ಎರಡನೆಯದು ಸದ್ದಿಲ್ಲದೆ ಬರುತ್ತದೆ. ಆದ್ದರಿಂದಲೇ ಎದೆಬಡಿತ ಶಾಂತವಾದ ದಿನ ಗುಳಿಗೆ ಬಿಡುವವರೂ, ಶಾಂತವಾಗದ ದಿನ ಬೇಸತ್ತು ಬಿಡುವವರೂ ಒಂದೇ ಗಂಡಾಂತರಕ್ಕೆ ಗುರಿಯಾಗುತ್ತಾರೆ.

‘ವಿಫಲ’ ಎಂಬ ಮಾತನ್ನೂ ಸ್ವಲ್ಪ ಪರೀಕ್ಷಿಸಬೇಕು. ಅಬ್ಲೇಶನ್ನಿನಲ್ಲಿ ತೊಡೆಯ ರಕ್ತನಾಳದ ಮೂಲಕ ತಂತಿಯನ್ನು ಹೃದಯಕ್ಕೆ ಒಯ್ದು, ಕಂಪನವನ್ನು ಹುಟ್ಟಿಸುವ ಜಾಗಗಳನ್ನು ಸುಡಲಾಗುತ್ತದೆ ಇಲ್ಲವೆ ಹೆಪ್ಪುಗಟ್ಟಿಸಲಾಗುತ್ತದೆ. ಶ್ವಾಸಕೋಶದಿಂದ ಹೃದಯಕ್ಕೆ ಬರುವ ಅಭಿಧಮನಿಗಳ ಬಾಯಿಯಲ್ಲೇ ಈ ಕಿಡಿಗಳು ಹೆಚ್ಚಾಗಿ ಏಳುತ್ತವೆಂದು ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಹೈಸಾಗೆರ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿಕೊಟ್ಟ ಮೇಲೆ ಈ ಚಿಕಿತ್ಸೆ ಹಬ್ಬಿತು. ಸುಟ್ಟ ಜಾಗ ಮಾಯುವ ಮೊದಲ ಎರಡು-ಮೂರು ತಿಂಗಳಲ್ಲಿ ಲಯ ತಪ್ಪುವುದು ಸಾಮಾನ್ಯ. ಅದನ್ನು ವೈದ್ಯರು ವೈಫಲ್ಯವೆಂದು ಎಣಿಸುವುದಿಲ್ಲ. ಅಧ್ಯಯನಗಳಲ್ಲಾದರೋ ಆ ಅವಧಿಯ ನಂತರ ಮೂವತ್ತು ಸೆಕೆಂಡುಗಳ ಕಂಪನ ಕಂಡರೂ ಅದು ವೈಫಲ್ಯದ ಲೆಕ್ಕಕ್ಕೆ ಸೇರುತ್ತದೆ. ಮೊದಲು ವಾರಕ್ಕೊಮ್ಮೆ ಆಸ್ಪತ್ರೆಗೆ ಓಡುತ್ತಿದ್ದವನು ಈಗ ವರ್ಷಕ್ಕೊಮ್ಮೆ ಓಡುತ್ತಿದ್ದರೆ, ಅವನ ಮನೆಯವರು ಅದನ್ನು ವೈಫಲ್ಯವೆನ್ನಲಾರರು.

ನಿಜವಾಗಿಯೂ ಲಯ ನಿಲ್ಲದೆ ಹೋದಾಗ ವೈದ್ಯರು ಮೊದಲು ಎಣಿಸುವುದು ಎರಡನೆಯ ಅಬ್ಲೇಶನ್ನನ್ನು. ಮೊದಲ ಸಲ ಬೇರ್ಪಡಿಸಿದ ಅಭಿಧಮನಿಗಳ ಸಂಪರ್ಕ ಮತ್ತೆ ಕೂಡಿಕೊಂಡಿರುವುದೇ ಮರುಕಳಿಕೆಗೆ ಸಾಮಾನ್ಯ ಕಾರಣವಾದ್ದರಿಂದ, ಅದನ್ನು ಮತ್ತೊಮ್ಮೆ ಮುಚ್ಚಿದರೆ ಹಲವರಿಗೆ ಗುಣ ಕಾಣುತ್ತದೆ. ಆದರೆ ಹೃತ್ಕರ್ಣ ತುಂಬ ಹಿಗ್ಗಿದ್ದರೆ, ಕಂಪನ ವರ್ಷಗಟ್ಟಲೆ ಎಡೆಬಿಡದೆ ನಡೆದಿದ್ದರೆ, ಮೂರನೆಯ ನಾಲ್ಕನೆಯ ಪ್ರಯತ್ನಕ್ಕೆ ಹಣ ಸುರಿಯುವ ಮುನ್ನ ಯೋಚಿಸಬೇಕು. ಶಸ್ತ್ರಚಿಕಿತ್ಸೆಯ ದಾರಿಯೂ ಇದೆ. ಅಮೆರಿಕದ ಸೇಂಟ್ ಲೂಯಿಯಲ್ಲಿ ಜೇಮ್ಸ್ ಕಾಕ್ಸ್ 1987ರಲ್ಲಿ ಮೊದಲ ಬಾರಿಗೆ ಮಾಡಿದ ‘ಮೇಜ್’ ಶಸ್ತ್ರಕ್ರಿಯೆಯಲ್ಲಿ ಹೃತ್ಕರ್ಣದ ಗೋಡೆಯ ಮೇಲೆ ಗಾಯದ ಗೆರೆಗಳನ್ನು ಮೂಡಿಸಿ, ವಿದ್ಯುತ್ ತರಂಗಕ್ಕೆ ಒಂದೇ ಹಾದಿಯನ್ನು ಉಳಿಸಲಾಗುತ್ತದೆ. ಬೇರೆ ಕಾರಣಕ್ಕೆ, ಉದಾಹರಣೆಗೆ ಕವಾಟ ಬದಲಿಸಲು, ಎದೆ ತೆರೆಯಲೇಬೇಕಾಗಿರುವವರಿಗೆ ಇದು ಹೆಚ್ಚು ಒಪ್ಪುತ್ತದೆ. ಅಂಥವರು ಶಸ್ತ್ರಚಿಕಿತ್ಸಕರನ್ನು ಇನ್ನೊಂದು ಮಾತೂ ಕೇಳಬೇಕು: ಎಡ ಹೃತ್ಕರ್ಣಕ್ಕೆ ಅಂಟಿಕೊಂಡ ಕಿವಿಯಂಥ ಚೀಲವನ್ನು ಅದೇ ಸಮಯದಲ್ಲಿ ಮುಚ್ಚಬಹುದೇ ಎಂದು. 4,800ಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡು 2021ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಹೀಗೆ ಮುಚ್ಚಿದವರಲ್ಲಿ ಲಕ್ವದ ಪ್ರಮಾಣ ಸುಮಾರು ಮೂರರಲ್ಲಿ ಒಂದು ಪಾಲು ತಗ್ಗಿತು.

ಇವೆಲ್ಲವೂ ಲಯವನ್ನು ಮರಳಿ ಪಡೆಯುವ ಹಟದ ದಾರಿಗಳು. ಆ ಹಟವನ್ನು ಬಿಟ್ಟರೆ ಆಯುಷ್ಯ ಕಡಿಮೆಯಾಗುವುದೇ? ಉತ್ತರ ಅಮೆರಿಕದಲ್ಲಿ 4,060 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ‘ಅಫರ್ಮ್’ ಅಧ್ಯಯನ ಈ ಪ್ರಶ್ನೆಯನ್ನೇ ಕೇಳಿತು. ಒಂದು ಗುಂಪಿಗೆ ಲಯ ಸರಿಪಡಿಸುವ ಔಷಧ, ಇನ್ನೊಂದಕ್ಕೆ ನಾಡಿಯ ವೇಗ ತಗ್ಗಿಸುವ ಔಷಧ ಮಾತ್ರ. ಲಯದ ಬೆನ್ನು ಹತ್ತಿದವರು ಹೆಚ್ಚು ಕಾಲ ಬದುಕಲಿಲ್ಲ. ಅದೇ ಅಧ್ಯಯನದಲ್ಲಿ ಲಕ್ವ ಹೊಡೆದವರಲ್ಲಿ ಹೆಚ್ಚಿನವರು ವಾರ್ಫರಿನ್ ಗುಳಿಗೆಯನ್ನು ನಿಲ್ಲಿಸಿದವರು ಇಲ್ಲವೆ ಅದರ ಪ್ರಮಾಣ ಸಾಲದಿದ್ದವರು. ಜತ್ತದ ಮನೆಯೊಂದು ಈ ಅಧ್ಯಯನದಿಂದ ಒಂದೇ ಸಂಗತಿಯನ್ನು ನೆನಪಿಡುವುದಾದರೆ ಅದು ಇದಾಗಿರಲಿ. ಮುಂದೆ ಹೊಸ ವಿಧಾನಗಳ ಅಧ್ಯಯನಗಳು ಆರಂಭದಲ್ಲೇ ಲಯ ಸರಿಪಡಿಸುವುದರಿಂದ ಲಾಭವಿದೆ ಎಂದು ತೋರಿಸಿವೆ. ಆದರೂ ಎಲ್ಲ ಪ್ರಯತ್ನಗಳೂ ಮುಗಿದ ಹಂತದಲ್ಲಿರುವ ರೋಗಿಗೆ 2002ರ ಪಾಠ ಇಂದಿಗೂ ಆಸರೆ.

ವೇಗ ತಗ್ಗಿಸಲು ಗುಳಿಗೆಯೂ ಸಾಲದಿದ್ದಾಗ ಒಂದು ಕೊನೆಯ, ಆದರೆ ಭದ್ರವಾದ ಉಪಾಯವಿದೆ. ಮೊದಲು ಪೇಸ್‌ಮೇಕರ್ ಅಳವಡಿಸುತ್ತಾರೆ. ಬಳಿಕ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ಸಂದೇಶ ಒಯ್ಯುವ ಎ.ವಿ. ನೋಡ್ ಎಂಬ ಗಂಟನ್ನು ಸುಟ್ಟು ಕಡಿದುಬಿಡುತ್ತಾರೆ. ಮೇಲಿನ ಕೋಣೆ ನಡುಗುತ್ತಲೇ ಇರುತ್ತದೆ, ಆದರೆ ಅದರ ಗದ್ದಲ ಕೆಳಗೆ ತಲುಪುವುದಿಲ್ಲ. ಪೇಸ್‌ಮೇಕರ್ ಹೇಳಿದ ತಾಳಕ್ಕೆ ಹೃದಯ ಬಡಿಯುತ್ತದೆ. ಕ್ಯಾಲಿಫೋರ್ನಿಯಾದ ಮೆಲ್ವಿನ್ ಶೈನ್‌ಮನ್ ಮತ್ತು ಸಂಗಡಿಗರು 1982ರಲ್ಲಿ ವರದಿ ಮಾಡಿದ ಈ ವಿಧಾನ ಇಂದಿನ ಅಬ್ಲೇಶನ್‌ಗಳಿಗಿಂತ ಹಳೆಯದು, ಸರಳ, ಬಹುತೇಕ ಎಂದೂ ಗುರಿ ತಪ್ಪದ್ದು. ಹೃದಯ ದುರ್ಬಲವಾಗಿ ಆಸ್ಪತ್ರೆ ಸೇರಿದ್ದ 133 ರೋಗಿಗಳ ಮೇಲೆ ಯುರೋಪಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಎರಡೂ ಕೆಳಕೋಣೆಗಳನ್ನು ಒಟ್ಟಿಗೆ ಬಡಿಸುವ ಪೇಸ್‌ಮೇಕರ್ ಜೊತೆ ಇದನ್ನು ಮಾಡಿಸಿಕೊಂಡವರಲ್ಲಿ, ಕೇವಲ ಗುಳಿಗೆ ಪಡೆದವರಿಗಿಂತ ಸಾವು ಗಣನೀಯವಾಗಿ ಕಡಿಮೆಯೆಂದು ತೋರಿಸಿತು. ಅಧ್ಯಯನ ಸಣ್ಣದು, ನಿಜ. ಹಾಗೆಂದು ಅದನ್ನು ಬದಿಗಿಡುವಂತಿಲ್ಲ.

ಬೆಲೆಯೂ ಇದೆ. ಕಡಿದ ಗಂಟು ಮತ್ತೆ ಕೂಡುವುದಿಲ್ಲ. ರೋಗಿ ಜೀವನಪರ್ಯಂತ ಪೇಸ್‌ಮೇಕರನ್ನೇ ನಂಬಿರಬೇಕು, ಅದರ ಬ್ಯಾಟರಿ ತೀರಿದಾಗ ಬದಲಿಸಬೇಕು. ಬಲಗಡೆಯ ಕೆಳಕೋಣೆಯೊಂದನ್ನೇ ದೀರ್ಘಕಾಲ ಬಡಿಸಿದರೆ ಕೆಲವರ ಹೃದಯ ಇನ್ನಷ್ಟು ದುರ್ಬಲವಾಗುವುದರಿಂದ ಯಾವ ಬಗೆಯ ಪೇಸ್‌ಮೇಕರ್ ಎಂಬುದನ್ನು ಕೇಳಿ ತಿಳಿಯಬೇಕು. ಹೆಪ್ಪುಗಟ್ಟುವಿಕೆಯನ್ನು ತಡೆಯುವ ಗುಳಿಗೆಯಂತೂ ಆಮೇಲೂ ತಪ್ಪುವುದಿಲ್ಲ.

ಇಲ್ಲಿಯೇ ಕಾನೂನು ಪ್ರವೇಶಿಸುತ್ತದೆ. ಹಿಂದಿರುಗಲಾಗದ ಇಂಥ ಕ್ರಿಯೆಗೆ ಒಪ್ಪಿಗೆಪತ್ರದ ಮೇಲೆ ಸಹಿ ಬೀಳುವುದು ಎಷ್ಟೋ ಸಲ ಇಂಗ್ಲಿಷಿನಲ್ಲಿ, ಇಲ್ಲವೆ ಮರಾಠಿಯಲ್ಲಿ. ಕನ್ನಡವನ್ನಷ್ಟೇ ಬಲ್ಲ ಅಜ್ಜನಿಗೆ ಅದರ ತಿರುಳನ್ನು ಹೇಳುವವನು, ಶಾಲೆಯಲ್ಲಿ ಮರಾಠಿಯನ್ನು ಒಂದು ವಿಷಯವಾಗಿ ಓದುತ್ತಿರುವ ಎಂಟನೆಯ ತರಗತಿಯ ಮೊಮ್ಮಗ. ‘ಹೃದಯಕ್ಕೆ ಮಶೀನು ಹಾಕ್ತಾರಂತೆ’ ಎಂಬಲ್ಲಿಗೆ ಅವನ ಅನುವಾದ ಮುಗಿಯುತ್ತದೆ. ಸಮೀರಾ ಕೊಹ್ಲಿ ವಿರುದ್ಧ ಡಾ. ಪ್ರಭಾ ಮನ್‌ಚಂದಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರ ಜನವರಿಯಲ್ಲಿ ನೀಡಿದ ತೀರ್ಪು ಈ ಬಗ್ಗೆ ಸ್ಪಷ್ಟವಾಗಿದೆ. ಚಿಕಿತ್ಸೆಯ ಸ್ವರೂಪ, ಉದ್ದೇಶ, ಪರಿಣಾಮ, ಗಣನೀಯ ಅಪಾಯಗಳು, ಬೇರೆ ದಾರಿಗಳಿದ್ದರೆ ಅವು, ಚಿಕಿತ್ಸೆ ಬೇಡವೆಂದರೆ ಏನಾಗಬಹುದು — ಇಷ್ಟನ್ನೂ ತಿಳಿದು ಕೊಟ್ಟ ಒಪ್ಪಿಗೆಯೇ ಒಪ್ಪಿಗೆ. ಆ ಪ್ರಕರಣದಲ್ಲಿ ಅರಿವಳಿಕೆಯಲ್ಲಿದ್ದ ವಯಸ್ಕ ರೋಗಿಯ ಪರವಾಗಿ ತಾಯಿ ಕೊಟ್ಟ ಒಪ್ಪಿಗೆಯನ್ನೂ ನ್ಯಾಯಾಲಯ ಮಾನ್ಯ ಮಾಡಲಿಲ್ಲ. ಬುದ್ಧಿ ಸ್ವಾಧೀನದಲ್ಲಿರುವ ಅಜ್ಜನ ಬದಲು ಮಗ ಸಹಿ ಹಾಕುವ ನಮ್ಮ ಕಡೆಯ ರೂಢಿಗೆ ಈ ತೀರ್ಪಿನಲ್ಲಿ ಆಧಾರವಿಲ್ಲ. ಪ್ರಾಣಾಪಾಯದ ತುರ್ತು ಸಂದರ್ಭದ ಮಾತು ಬೇರೆ. ಗಂಟನ್ನು ಕಡಿಯುವುದಾಗಲಿ ಎರಡನೆಯ ಅಬ್ಲೇಶನ್ನಾಗಲಿ ಸಾಮಾನ್ಯವಾಗಿ ನಾಳೆಗೋ ಮುಂದಿನ ವಾರಕ್ಕೋ ಮುಂದೂಡಬಹುದಾದವು. ಕನ್ನಡ ಬಲ್ಲ ದಾದಿಯನ್ನೋ ವೈದ್ಯರನ್ನೋ ಕರೆಸಿ ವಿವರಿಸಿ ಎಂದು ಕೇಳಲು ಸಮಯವಿರುತ್ತದೆ. ಮಿರಜದ ವಾರ್ಡುಗಳಲ್ಲಿ ಕನ್ನಡ ಬಲ್ಲವರು ಸಿಗುವುದು ಕಷ್ಟವೂ ಅಲ್ಲ.

ಹಣದ ಮಾತು. ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಗೆ ಸೇರಿದ ಪ್ರತಿ ಆಸ್ಪತ್ರೆಯಲ್ಲಿ ‘ಆರೋಗ್ಯಮಿತ್ರ’ರಿರುತ್ತಾರೆ, ಸೂಚಿಸಿದ ಕ್ರಿಯೆ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ದಾಖಲಾಗುವ ಮುನ್ನವೇ ಅವರಲ್ಲಿ ವಿಚಾರಿಸಬೇಕು. ಯೋಜನೆಗೆ ಸೇರದ, ಆದರೆ ಸಾರ್ವಜನಿಕ ನ್ಯಾಸವಾಗಿ ನೋಂದಾಯಿತವಾದ ದೊಡ್ಡ ಆಸ್ಪತ್ರೆಗಳಿಗೆ ಮಹಾರಾಷ್ಟ್ರ ಸಾರ್ವಜನಿಕ ನ್ಯಾಸ ಕಾಯಿದೆಯ 41ಎಎ ಕಲಮು ಅನ್ವಯಿಸುತ್ತದೆ. ಮುಂಬಯಿ ಉಚ್ಚ ನ್ಯಾಯಾಲಯವು 2006ರಲ್ಲಿ ಅನುಮೋದಿಸಿದ ಯೋಜನೆಯಂತೆ ಅವು ಶೇ. 10ರಷ್ಟು ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿಯೂ ಇನ್ನು ಶೇ. 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿಯೂ ಮೀಸಲಿಡಬೇಕು. ಆದಾಯದ ಮಿತಿಯನ್ನು ಸರಕಾರ ಆಗಾಗ ಏರಿಸಿದೆ; ಜತ್ತದ ತಹಶೀಲ್ದಾರ ಕಚೇರಿಯ ಆದಾಯ ಪ್ರಮಾಣಪತ್ರವನ್ನು ಮೊದಲೇ ಕೈಯಲ್ಲಿಟ್ಟುಕೊಂಡಿರುವುದು ಜಾಣತನ. ಹಾಸಿಗೆ ನಿರಾಕರಿಸಿದರೆ ದೂರು ಧರ್ಮಾದಾಯ ಆಯುಕ್ತರ ಕಚೇರಿಗೆ.

ಎಷ್ಟೇ ದೊಡ್ಡ ಚಿಕಿತ್ಸೆಯಾದರೂ ಕೊನೆಗೆ ಮನೆಯಲ್ಲಿ ಉಳಿಯುವುದು ಗುಳಿಗೆಯ ಡಬ್ಬಿ. ಹೊಸ ಗುಳಿಗೆಗಳಾದ ಎಪಿಕ್ಸಬಾನ್, ಡಬಿಗಟ್ರಾನ್ ಮೊದಲಾದವುಗಳಿಗೆ ಆಗಾಗ ರಕ್ತಪರೀಕ್ಷೆ ಮಾಡಿ ಪ್ರಮಾಣ ಬದಲಿಸುವ ಗೋಜಿಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ಈ ಕಾಯಿಲೆ ಬರುವುದು ಮುಪ್ಪಿನಿಂದ ಮಾತ್ರವಲ್ಲ. ಬಾಲ್ಯದ ಗಂಟಲುಬೇನೆ ಸಂಧಿವಾತ ಜ್ವರವಾಗಿ ತಿರುಗಿ, ಮೈಟ್ರಲ್ ಕವಾಟವನ್ನು ಕಿರಿದಾಗಿಸಿ, ಮೂವತ್ತು-ನಲವತ್ತರ ಹರೆಯದಲ್ಲೇ ನಾಡಿ ತಪ್ಪಿಸುವುದುಂಟು. ಅಂಥವರಿಗೆ ಹೊಸ ಗುಳಿಗೆ ಸಲ್ಲದು. ದಿಲ್ಲಿಯ ಏಮ್ಸ್‌ನ ಗಣೇಶನ್ ಕಾರ್ತಿಕೇಯನ್ ಮುಂದಾಳುತನದಲ್ಲಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ‘ಇನ್ವಿಕ್ಟಸ್’ ಅಧ್ಯಯನದಲ್ಲಿ, ರಿವರೊಕ್ಸಬಾನ್ ಪಡೆದವರಿಗಿಂತ ಹಳೆಯ ವಾರ್ಫರಿನ್ ಜಾತಿಯ ಗುಳಿಗೆ ಪಡೆದವರಲ್ಲಿ ಸಾವು ಕಡಿಮೆಯಿತ್ತು. ವಾರ್ಫರಿನ್ ಅಥವಾ ಅಸಿಟ್ರೋಮ್ ತೆಗೆದುಕೊಳ್ಳುವವರ ಐ.ಎನ್.ಆರ್. ಸಾಮಾನ್ಯವಾಗಿ 2 ಮತ್ತು 3ರ ನಡುವೆ ಇರಬೇಕು. ಮೆಂತ್ಯ, ಪುಂಡಿಪಲ್ಯ, ರಾಜಗಿರಿ ಬಿಡಬೇಕಿಲ್ಲ. ಒಂದು ವಾರ ದಿನವೂ ತಿಂದು ಮುಂದಿನ ವಾರ ಮುಟ್ಟದೆ ಇರುವುದೇ ತೊಂದರೆ. ಮೊಣಕಾಲು ನೋವಿಗೆಂದು ಔಷಧ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫಿನ್ಯಾಕ್ ಮಾತ್ರ ಈ ಗುಳಿಗೆಯೊಡನೆ ಕೂಡಿ ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಲ್ಲದು. ಸಾರಾಯಿಯ ವಿಷಯವನ್ನು ಹೆಚ್ಚು ಬೆಳೆಸಬೇಕಿಲ್ಲ: 2020ರಲ್ಲಿ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಕುಡಿತ ಬಿಟ್ಟವರಿಗೆ ಕಂಪನದ ಮರುಕಳಿಕೆ ಕಡಿಮೆಯಾಯಿತು.

ಇನ್ನು ಎರಡನೆಯ ವೈದ್ಯರ ಅಭಿಪ್ರಾಯಕ್ಕೆಂದು ಮಿರಜದಿಂದ ವಿಜಯಪುರಕ್ಕೋ ಬೆಳಗಾವಿಗೋ ಹೋಗುವವರ ವಿಷಯ. ಆಯುಷ್ಮಾನ್ ಭಾರತದ ಪಟ್ಟಿಯಲ್ಲಿರುವ ಕುಟುಂಬದ ಕಾರ್ಡು ರಾಜ್ಯದ ಗಡಿಯಾಚೆಯ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿಯೂ ನಡೆಯುತ್ತದೆ. 2024ರ ಅಕ್ಟೋಬರ್‌ನಿಂದ 70 ವರ್ಷ ದಾಟಿದವರಿಗೆ ಆದಾಯದ ಅಡ್ಡಿಯಿಲ್ಲದೆ ಪ್ರತ್ಯೇಕ ಕಾರ್ಡೂ ದೊರೆಯುತ್ತದೆ. ವಿಚಾರಿಸಲು ಉಚಿತ ಕರೆಯ ಸಂಖ್ಯೆ 14555. ಹೊಸ ವೈದ್ಯರ ಮುಂದೆ ಬರಿಗೈಯಲ್ಲಿ ನಿಂತರೆ ಎಲ್ಲ ಪರೀಕ್ಷೆಗಳೂ ಮೊದಲಿನಿಂದ ಆರಂಭವಾಗುತ್ತವೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ, ರೋಗಿ ಅಥವಾ ಆತ ನೇಮಿಸಿದವರು ಕೇಳಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ಕೊಡಬೇಕು. ಅರ್ಜಿಯನ್ನು ಬರೆದು ಕೊಟ್ಟು, ಅದರ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಮತ್ತು ದಿನಾಂಕವನ್ನು ಹಾಕಿಸಿಕೊಳ್ಳಬೇಕು. ಕೇಳುವಾಗ ಅಬ್ಲೇಶನ್ ಮಾಡಿದ ದಿನದ ಪೂರ್ಣ ವರದಿ, ಎಕೋ ವರದಿ ಮತ್ತು ಕಂಪನ ಮರುಕಳಿಸಿದ ದಿನದ ಇ.ಸಿ.ಜಿ. — ಈ ಮೂರರ ಹೆಸರನ್ನು ಬಿಡಿಬಿಡಿಯಾಗಿ ಬರೆದಿರಬೇಕು, ಏಕೆಂದರೆ ಡಿಸ್ಚಾರ್ಜ್ ಕಾಗದದಲ್ಲಿ ಇವು ಇರುವುದಿಲ್ಲ.