ಮುದಿ ಎತ್ತಿಗೆ ಹಗುರ ನೊಗ

ಮಂಚೇನಹಳ್ಳಿಯ ಮನೆಯೊಂದರ ನಡುಮನೆಯಲ್ಲಿ, ನಿವೃತ್ತ ಉಪಾಧ್ಯಾಯರೊಬ್ಬರ ಗಣಕಯಂತ್ರವು ಮೇಜನ್ನೇರಿ ಕುಳಿತು ಹದಿನೈದು ವರ್ಷಗಳಿಗೆ ಮಿಕ್ಕಿತು. ಸುತ್ತಣ ಹಳ್ಳಿಗಳ ಹೆಸರುಗಳು, ಗಾದೆಗಳು, ಮುದುಕಿಯರ ಬಾಯಲ್ಲಿ ಉಳಿದ ಒಗಟುಗಳು, ಹೀಗೆ ಮುನ್ನೂರು ಪುಟಗಳನ್ನು ಅವರು ಅದರಲ್ಲಿಯೇ ಬೆರಳಚ್ಚು ಮಾಡಿ ಇರಿಸಿದ್ದಾರೆ. ಈಗಲಾದರೋ, ಯಂತ್ರದ ಗುಂಡಿಯೊತ್ತಿ ಕಾಫಿ ಕುಡಿದು ಬಂದರೂ ಅದಕ್ಕೆ ಎಚ್ಚರವಾಗಿರುವುದಿಲ್ಲ.

ಬೆಂಗಳೂರಿನಿಂದ ರಜಕ್ಕೆ ಬಂದ ಮೊಮ್ಮಗ, "ತಾತ, ಇದನ್ನು ಗುಜರಿಗೆ ಹಾಕಿಬಿಡೋಣ" ಎಂದ. ತಾತನ ಮುಖವನ್ನು ಕಂಡು ಮಾತನ್ನು ತಿದ್ದಿಕೊಂಡ: "ಬೇಡವೆಂದರೆ, ಇರುವುದನ್ನೆಲ್ಲ ಅಳಿಸಿ ಹಗುರವಾದ ಲಿನಕ್ಸ್ ಹಾಕಿಕೊಡುತ್ತೇನೆ."

ಎರಡನೆಯ ಮಾತು ಮೊದಲನೆಯದಕ್ಕಿಂತ ವಿವೇಕದ್ದು. ಅಪಾಯವೂ ಅದರಲ್ಲಿಯೇ ಅಡಗಿತ್ತು.

ಆ ಯಂತ್ರದಲ್ಲಿದ್ದ ವಿಂಡೋಸ್ 7ಕ್ಕೆ ತಯಾರಕರ ರಕ್ಷಣೆ 2020ರ ಜನವರಿಯಲ್ಲಿಯೇ ಮುಗಿದಿತ್ತು. ಅದರ ತರುವಾಯದ ವಿಂಡೋಸ್ 10ರ ಸಾಮಾನ್ಯ ಅವಧಿಯೂ 2025ರ ಅಕ್ಟೋಬರ್ 14ರಂದು ತೀರಿತು. ವಿಂಡೋಸ್ 11 ಕನಿಷ್ಠ 4 ಜಿಬಿ ಸ್ಮರಣೆಯನ್ನೂ ಟಿಪಿಎಂ 2.0 ಎಂಬ ರಕ್ಷಣಾ ಸೌಕರ್ಯವನ್ನೂ ಬೇಡುತ್ತದೆ. ತಾತನ ಯಂತ್ರಕ್ಕಿರುವುದು 2 ಜಿಬಿ. ಮುದಿ ಎತ್ತಿಗೆ ಕಬ್ಬಿನ ಗಾಡಿಯ ನೊಗವನ್ನು ಹೂಡಿ, ಅದು ಕುಸಿದರೆ ಎತ್ತನ್ನೇ ಬಯ್ಯುವವರುಂಟೆ?

ಹಗುರವಾದ ಆಪರೇಟಿಂಗ್ ಸಿಸ್ಟಂಗಳ ಹೆಸರುಗಳಿಗೇನೂ ಬರವಿಲ್ಲ. ಆದರೆ ಹೆಸರಿಗೆ ಮೊದಲು ಯಂತ್ರದ ಜಾತಕವನ್ನು ನೋಡಬೇಕು. ಅದರ ಪ್ರೊಸೆಸರ್ 32 ಬಿಟ್‌ನದಾದರೆ ಆಯ್ಕೆ ಬಹಳ ಕಿರಿದಾಗುತ್ತದೆ: 2025ರಲ್ಲಿ ಬಂದ ಡೆಬಿಯನ್ 13 ಅಂಥ ಯಂತ್ರಗಳಿಗೆ ಸ್ಥಾಪಕವನ್ನು ಕೊಡುವುದನ್ನು ನಿಲ್ಲಿಸಿತು, ಉಬುಂಟು ಬಳಗವಂತೂ ಅದಕ್ಕೆ ಎಷ್ಟೋ ಮೊದಲೇ ಕೈಬಿಟ್ಟಿತ್ತು. 2023ರ ಡೆಬಿಯನ್ 12, ಅದನ್ನು ಆಧರಿಸಿದ ಆಂಟಿಎಕ್ಸ್ 23 ಮುಂತಾದವು ಅವಕ್ಕೆ ಆಸರೆ. 64 ಬಿಟ್‌ನದಾಗಿದ್ದು 2 ಜಿಬಿ ಇದ್ದರೆ ಲುಬುಂಟುವನ್ನು ಪರೀಕ್ಷಿಸಬಹುದು. 4 ಜಿಬಿ ಇದ್ದರೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಕಣ್ಣಿಗೂ ಕೈಗೂ ಹೆಚ್ಚು ಹಿತ. ಆಸ್ಟ್ರೇಲಿಯದ ಬ್ಯಾರಿ ಕೌಲರ್ 2003ರಲ್ಲಿ ಆರಂಭಿಸಿದ ಪಪ್ಪಿ ಲಿನಕ್ಸ್ ತಾನೇ ಸ್ಮರಣೆಯೊಳಗೆ ಏರಿ ಕುಳಿತು ನಡೆಯುವಷ್ಟು ಚಿಕ್ಕದು. ಆದರೆ ಅದರ ರೀತಿನೀತಿಗಳು ಬೇರೆ, ಅರುವತ್ತು ದಾಟಿದವರ ತಾಳ್ಮೆಗೆ ಅದು ಸಲ್ಲದು.

ಒಂದು ಭ್ರಮೆಯನ್ನು ಮಾತ್ರ ಬಿಡುವುದು ಲೇಸು. ಆಪರೇಟಿಂಗ್ ಸಿಸ್ಟಂ ಎಷ್ಟೇ ಹಗುರವಿರಲಿ, ಸ್ಮರಣೆಯನ್ನು ನುಂಗುವುದು ಬ್ರೌಸರು. ಹತ್ತು ಪುಟಗಳನ್ನು ಒಟ್ಟಿಗೆ ತೆರೆದಿಟ್ಟು, "ಲಿನಕ್ಸ್ ಹಾಕಿದರೂ ನಿಧಾನ" ಎಂದು ಗೊಣಗಿ ಫಲವಿಲ್ಲ. ತಿರುಗುವ ಹಳೆಯ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಕೂಡಿಸಿದರೆ ದೊರೆಯುವ ಲಾಭ ಹಲವು ವೇಳೆ ಇವೆಲ್ಲಕ್ಕೂ ಮಿಗಿಲು.

ತಾತನ ಚಿಂತೆ ಇದಾವುದೂ ಆಗಿರಲಿಲ್ಲ. "ನನ್ನ ಒಗಟುಗಳು ತೆರೆಯುತ್ತವೆಯೇನಪ್ಪ?" ಎಂದರು ಅವರು. ಮೊಮ್ಮಗ ಪೆನ್‌ಡ್ರೈವಿನಿಂದಲೇ ಲುಬುಂಟುವನ್ನು ಚಾಲನೆಗೊಳಿಸಿ, ಡಿಸ್ಕನ್ನು ಮುಟ್ಟದೆ ಒಂದು ಕಡತವನ್ನು ತೆರೆದ. ತೆರೆಯ ಮೇಲೆ ಕಂಡದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ! ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ, ಯುನಿಕೋಡ್ ರೂಢಿಯಾಗುವ ಮುನ್ನ, ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂಡಿಸಿ ಬರೆದ ಬರಹವದು. ಆ ಫಾಂಟು ಇಲ್ಲದೆಡೆ ಅದು ಕನ್ನಡವೇ ಅಲ್ಲ. ಅಳಿಸಿದ ಬಳಿಕ ಇದು ತಿಳಿದಿದ್ದರೆ?

ಮೊದಲು ಎರಡು ಪ್ರತಿಗಳನ್ನು ಮಾಡಿ, ಒಂದನ್ನು ಬೀರುವಿನಲ್ಲಿಟ್ಟರು. ಅನಂತರ ಪರಿವರ್ತಕದ ಮೂಲಕ ಕಡತಗಳನ್ನು ಯುನಿಕೋಡಿಗೆ ತಂದರು. ಬೆರಳುಗಳ ಅಭ್ಯಾಸಕ್ಕೂ ಭಂಗ ಬರಲಿಲ್ಲ, ಕೆ.ಪಿ. ರಾವ್ ಅವರ ಕೀಲಿಮಣೆಯನ್ನು ಅನುಸರಿಸಿದ ಕೆಜಿಪಿ ವಿನ್ಯಾಸ ಲಿನಕ್ಸಿನಲ್ಲಿಯೂ ದೊರೆಯುತ್ತದೆ. ಆದರೆ ಪರಿವರ್ತಕ ಅರ್ಕಾವತ್ತನ್ನು ಅಲ್ಲಲ್ಲಿ ತಪ್ಪು ಅಕ್ಷರಕ್ಕೆ ಅಂಟಿಸಿತ್ತು. ಮೊಮ್ಮಗ ಗಟ್ಟಿಯಾಗಿ ಓದಿದ. ತಾತ ಕನ್ನಡಕವನ್ನು ಮೂಗಿನ ತುದಿಗಿಳಿಸಿ ತಿದ್ದಿದರು. ಅಳಿಸುವ ಕೆಲಸ ಎರಡು ದಿನ ಮುಂದಕ್ಕೆ ಹೋಯಿತು. ನಲವತ್ತನೆಯ ಪುಟದಲ್ಲಿ ಹುಡುಗ ಓದುವುದನ್ನು ನಿಲ್ಲಿಸಿ, "ಇದಕ್ಕೆ ಉತ್ತರವೇನು ತಾತ?" ಎಂದು ಕೇಳಿದ.